ಹಳೇ ಹಗ್ಗ ಕೇಳಿದವರು

ಬೇಗೂರಿನ ನಮ್ಮ ಮನೆಯ ಕೊಟ್ಟಿಗೆ ಬಾಗಿಲಿನ ಬಲಗಡೆ, ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಎರಡು ಸಾವಿರದ ನಾಲ್ಕನೇ ಇಸವಿ, ಯುಗಾದಿ ಕಳೆದು ಜನ ಮೊದಲ ಮಳೆಗೆ ಕಾಯುತ್ತಿದ್ದ ದಿನಗಳು. ಬೆಳಗಿನ ಬಿಸಿಲು ಆಗಷ್ಟೇ ಅಂಗಳಕ್ಕೆ ಇಳಿದಿತ್ತು. ನಾನು ನಿಂತಲ್ಲಿಂದ ಅಣ್ಣನ ಮುಖ ಪೂರ್ತಿ ಕಾಣುತ್ತಿತ್ತು. ಎತ್ತು ಕೊಳ್ಳಲು ಬಂದವರ ಮುಖದ ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲದಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಣ್ಣನಿಗೆ ಚಾಮರಾಜನಗರದ ಅರಿಶಿನದ ಮಂಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ವಾರ ಮನೆಗೆ ಬೀಗ ಹಾಕಿ ಸಂಸಾರ ಅಲ್ಲಿಗೆ ಹೋಗಬೇಕು. ಹೊಲವನ್ನು ಗುತ್ತಿಗೆಗೆ ಕೊಟ್ಟಾಗಿತ್ತು. ಉಳಿದದ್ದು ಎತ್ತಿನ ಜೋಡಿ. ಕರುಗಳಾಗಿದ್ದಾಗಿನಿಂದ ಅವನ್ನು ಸಾಕಿದವರು ಅತ್ತಿಗೆ. ಗುಂಡ್ಲುಪೇಟೆ ಕಡೆ ಸಂತೆಗೆ ಹೊಡೆದರೆ ಅವು ಲಾರಿ ಹತ್ತುತ್ತವೆ, ಲಾರಿ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಉಳುವವರ ಮನೆಗೇ ಕೊಡುತ್ತೇನೆಂದು ಅಣ್ಣ ಅತ್ತಿಗೆಗೆ ಮಾತು ಕೊಟ್ಟಿದ್ದ. ಅದಕ್ಕೇ ದಲ್ಲಾಳಿಯೊಬ್ಬನನ್ನು ಹಿಡಿದು, ಪುಣಜನೂರಿನಿಂದ ಈ ಯಜಮಾನರನ್ನು ಕರೆಸಿದ್ದ.

ಯಜಮಾನರು ಎತ್ತಿನ ಹಲ್ಲು ನೋಡಿದರು, ಗೊರಸು ನೋಡಿದರು, ಹೆಗಲು ತಟ್ಟಿದರು. ದಲ್ಲಾಳಿ ತನ್ನ ಟವೆಲು ತೆಗೆದು ಇಬ್ಬರ ಕೈ ಮೇಲೂ ಹಾಸಿದ. ನಮ್ಮ ಕಡೆ ದನದ ರೇಟು ಬಾಯಲ್ಲಿ ಹೇಳುವುದಿಲ್ಲ, ಟವೆಲಿನಡಿ ಬೆರಳು ಹಿಡಿದೇ ತಿಳಿಸುವುದು. ಸ್ವಲ್ಪ ಹೊತ್ತು ಟವೆಲು ಅಲ್ಲಾಡಿತು, ನಿಂತಿತು. ಇಬ್ಬರೂ ನಕ್ಕರು.

"ಆಯ್ತಲ್ಲಾ, ಇನ್ನೇನು! ಬಾಯಿ ಸಿಹಿ ಮಾಡ್ಸಿ" ಎಂದ ದಲ್ಲಾಳಿ.

ಆಗ ಯಜಮಾನರು ಹೇಳಿದರು: "ಆದ್ರೆ ಒಂದು ಮಾತು ಕಣಪ್ಪ. ಹಗ್ಗ ಸಮೇತ ಕೊಡ್ಬೇಕು."

ದಲ್ಲಾಳಿ ಅಣ್ಣನ ಮುಖ ನೋಡಿದ. ಎತ್ತು ಮಾರಿದವರು ಹಗ್ಗ ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಾರೆ, ಕೊಂಡವರು ಹೊಸ ಹಗ್ಗ ತರುತ್ತಾರೆ. ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆಂದು ನಂಬಿಕೆ. ಅದು ಗೊತ್ತಿಲ್ಲದವರು ಈ ಸೀಮೆಯಲ್ಲಿ ಇದ್ದಾರೆಂದು ನನಗೆ ಅನ್ನಿಸಿರಲಿಲ್ಲ.

"ಅದೆಂಗಾದದು ಯಜಮಾನ್ರೆ? ಅಂಗಡೀಲಿ ಹೊಸ ಹಗ್ಗ ನಾನೇ ತಕ್ಕೊಡ್ತೀನಿ" ಎಂದ ಅಣ್ಣ.

"ಹೊಸದು ನನ್ನತ್ರನೂ ಅದೆ. ನಂಗೆ ಇದೇ ಬೇಕು."

ಯಾಕೆ ಎಂದು ಕೇಳಬೇಕಿತ್ತು. ಅಣ್ಣ ಕೇಳಲಿಲ್ಲ, ದಲ್ಲಾಳಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ರೇಟು ಇಳಿಸಲು ಇದೊಂದು ಪಟ್ಟು ಎಂದು ಅಣ್ಣ ತಿಳಿದ. ಅವನ ಮುಖದಲ್ಲಿ ಅದು ನನಗೆ ಕಂಡಿತು. "ಸರಿ, ಕೈ ಕೊಡಿ" ಎಂದು ತಾನೇ ಟವೆಲು ಎಳೆದುಕೊಂಡ. ಕೈ ಒಳಗೆ ಹೋಯಿತು. ಯಜಮಾನರ ಹುಬ್ಬು ಮೇಲೇರಿತು.

"ಇಳಿಸ್ದೆ. ಹಗ್ಗದ ಮಾತು ಬುಡಿ."

"ನಾನು ಇಳ್ಸು ಅಂದ್ನಾ?"

ಅಣ್ಣನಿಗೆ ಗಾಬರಿಯಾಯಿತು. ಇನ್ನಷ್ಟು ಇಳಿಸಲು ಇನ್ನೊಂದು ಸಲ ಅವರ ಬೆರಳು ಹಿಡಿದ. ಈ ಸಲ ಅವರು ಕೈಯನ್ನೇ ಹಿಂದಕ್ಕೆ ಎಳೆದುಕೊಂಡರು. ಎತ್ತುಗಳ ಹತ್ತಿರ ಹೋಗಿ, ಮೊದಲು ನೋಡಿದ್ದನ್ನೆಲ್ಲ ಮತ್ತೆ ನೋಡಿದರು: ಹಲ್ಲು, ಗೊರಸು, ಹೆಗಲು. ಎಡದೆತ್ತನ್ನು ನಾಲ್ಕು ಹೆಜ್ಜೆ ನಡೆಸಿದರು.

"ಏನ್ ಐಬು ಅದೆ ಇವುಕ್ಕೆ? ಹೇಳ್ಬುಡು ತಮ್ಮ, ಬೇಜಾರು ಮಾಡ್ಕಳಲ್ಲ."

"ಯಾವ ಐಬೂ ಇಲ್ಲ, ದೇವರಾಣೆ!"

"ಒಂದು ಹಗ್ಗಕ್ಕೆ ಇಷ್ಟು ಯಾರು ಇಳಿಸ್ತಾರೆ?"

ಮನೆ ಬಾಗಿಲಲ್ಲಿದ್ದ ಅತ್ತಿಗೆ ಆಗ ಅಂದರು: "ಕೊಟ್ಬುಡಿ ಅತ್ಲಾಗೆ. ಮನೆಗೇ ಬೀಗ ಹಾಕ್ಕಂಡು ಓಯ್ತಾ ಇದೀವಿ, ಲಕ್ಷ್ಮಿ ಯಾರ್ನ ನೋಡಕೆ ಬತ್ತಾಳೆ?"

ಅಣ್ಣ ಹಗ್ಗದ ತುದಿಗಳನ್ನು ಬಿಚ್ಚಿ ಯಜಮಾನರ ಮುಂದೆ ಹಿಡಿದ. ಅವರು ಮುಟ್ಟಲಿಲ್ಲ. ಈಗ ಹಗ್ಗ ಕೊಟ್ಟದ್ದೂ ಅವರಿಗೆ ಅನುಮಾನವೇ ಆಯಿತೇನೋ. "ಇನ್ನೊಂದು ಸಲ ನೋಡಣ" ಎಂದು ಚಪ್ಪಲಿ ಮೆಟ್ಟಿ ಹೆದ್ದಾರಿಯ ಕಡೆ ನಡೆದರು. ಅಲ್ಲಿ ಅವರು ತಂದಿದ್ದ ಟೆಂಪೊ ನಿಂತಿತ್ತು. ಅಣ್ಣ ಹಿಂದೆಯೇ ಓಡಿದ, "ಮೊದಲಿನ ರೇಟಿಗೇ ಕೊಡ್ತೀನಿ" ಎಂದು ಕೂಗಿದ. ಕೊಳ್ಳುವವರ ಹಿಂದೆ ಓಡುತ್ತ ರೇಟು ಏರಿಸಿದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ದಲ್ಲಾಳಿ ನಗಲು ಶುರುಮಾಡಿ ಅತ್ತಿಗೆಯ ಮುಖ ನೋಡಿ ನಿಲ್ಲಿಸಿದ.

ಆಮೇಲೆ ನಾನು ಎಷ್ಟೋ ಕಾರಣ ಯೋಚಿಸಿದ್ದೇನೆ. ಕಾಡಿನಂಚಿನ ಊರು, ಪರಿಚಯದ ಹಗ್ಗವಿದ್ದರೆ ಎತ್ತು ಬೆದರುವುದಿಲ್ಲವೆಂದಿರಬಹುದು. ಹಗ್ಗ ಬದಲಾದ ದನ ಕದ್ದದ್ದೆಂದು ದಾರಿಯಲ್ಲಿ ಯಾರಾದರೂ ತಡೆದಾರೆಂದೂ ಇರಬಹುದು. ಅಥವಾ ಅಣ್ಣ ಅಂದುಕೊಂಡದ್ದೇ ನಿಜವೋ ಏನೋ.

ಬೇರೆ ಉಳುವವರು ಆ ವಾರ ಸಿಗಲಿಲ್ಲ. ಅಣ್ಣ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದ. ಅಲ್ಲಿ ಕೊಂಡವರು ಏನನ್ನೂ ಕೇಳಲಿಲ್ಲವಂತೆ. ಅತ್ತಿಗೆ ಆ ದಿನ ಒಲೆ ಹಚ್ಚಲಿಲ್ಲ.

ಅಣ್ಣ ಈಗಿಲ್ಲ. ಪುಣಜನೂರಿನ ಯಜಮಾನರು ಇದ್ದಾರೋ ಇಲ್ಲವೋ, ಹೋಗಿ ವಿಚಾರಿಸಲು ನನಗೆ ಮನಸ್ಸಾಗಿಲ್ಲ. ದಲ್ಲಾಳಿ ಬೇಗೂರಲ್ಲೇ ಇದ್ದಾನೆ. ಅಣ್ಣ ಇಳಿಸಿದ್ದು ಒಂದೇ ಸಲ, ಎರಡು ಸಲ ಅಲ್ಲ ಎಂದು ವಾದಿಸುತ್ತಾನೆ. ಅತ್ತಿಗೆ ಚಾಮರಾಜನಗರದಲ್ಲಿದ್ದಾರೆ. ಹಗ್ಗ ಕೇಳಿದ ಕೂಡಲೇ ತಾನು "ಕೊಟ್ಬುಡಿ" ಎಂದಿದ್ದೆ, ನೀವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಎರಡನೇ ಸಲ ಹೇಳುವ ಹೊತ್ತಿಗೆ ಕೆಟ್ಟುಹೋಗಿತ್ತು ಎನ್ನುತ್ತಾರೆ. ನನಗೆ ಕೇಳಿಸಿದ್ದು ಒಂದೇ ಸಲ.