ಸಿಹಿನೀರಿನ ಪೀಪಾಯಿ

ತಾಳಿಕೋಟೆಯ ಒಬ್ಬ ಮೇಸ್ತ್ರಿ ಹಳೇ ವ್ಯಾನುಗಳನ್ನು ಮನೆಯಂತೆ ಸಜ್ಜುಮಾಡಿ ಯಾತ್ರೆಗೆ ಹೊರಟವರಿಗೆ ಮಾರುತ್ತಿದ್ದ. ಎಪ್ಪತ್ತರ ದಶಕದ ಮಾತು. ಕಾಶಿಗೆ ಹೊರಟಿದ್ದ ಸೋದರಮಾವ, ಕಾಲೇಜು ಓದಿದವನೆಂದು ವ್ಯಾನು ಆರಿಸಲು ನನ್ನನ್ನು ಕರೆದೊಯ್ದರು. ಅತ್ತೆಯೂ ಬಂದಿದ್ದರು.

ಮೇಸ್ತ್ರಿ ಬೆರಳ ಗೆಣ್ಣಿನಿಂದ ತಗಡು ಬಡಿದು, "ಮನಿ ಐತ್ರಿ ಇದು, ಮನಿ" ಎಂದ. ಬ್ರೇಕು ಹೇಗಿದೆ ಎಂದು ಕೇಳಿದರೆ ಒಲೆ ತೋರಿಸಿದ. ಮತ್ತೆ ಕೇಳಿದರೆ ಮಂಚ ಬಿಡಿಸಿದ. ಮೂರನೆಯ ಸಲ ನೀರಿನ ಪೀಪಾಯಿ ತಟ್ಟಿ, "ಡೋಣಿ ಹೊಳಿ ನೀರು ಉಪ್ಪೈತ್ರಿ. ಸಿಹಿನೀರು ಜೋಡಿಗೇ ಒಯ್ಬೇಕು. ಮನಿ ಐತ್ರಿ ಇದು" ಎಂದ. ಕಾಶಿಯವರೆಗೂ ಹೊಳೆಗಳೆಲ್ಲ ನಮ್ಮ ಡೋಣಿಯಂತೆ ಉಪ್ಪೆಂದೇ ಅವನು ತಿಳಿದಿದ್ದ!

ಪರೀಕ್ಷೆಗೆಂದು ಅವನೇ ಓಡಿಸಿದ. ಡೋಣಿಯ ಇಳಿಜಾರಿನಲ್ಲಿ ಎಷ್ಟು ತುಳಿದರೂ ಬ್ರೇಕು ಹಿಡಿಯಲಿಲ್ಲ. ಹೊಳೆ ಎದುರಿಗೇ ನುಗ್ಗಿ ಬಂತು. ಕಣ್ಣು ಮುಚ್ಚಿದರೆ ಇಂದಿಗೂ ಬರುತ್ತದೆ. ಕೊನೆಗೆ ವ್ಯಾನು ರಸ್ತೆ ಬಿಟ್ಟು ಎರೆಹೊಲದ ಕೆಸರಿನಲ್ಲಿ ಹೂತು ನಿಂತಿತು. ಅತ್ತೆಯ ಹಣೆ ಒಡೆದಿತ್ತು.

ಆ ಪುಣ್ಯಾತ್ಮ ನಮ್ಮ ಮುಖ ಸಹ ನೋಡಲಿಲ್ಲ. ಪೀಪಾಯಿಯ ಮುಚ್ಚಳ ತೆಗೆದು, "ಒಂದು ಹನಿ ಚೆಲ್ಲಿಲ್ಲ ನೋಡ್ರಿ!" ಎಂದ.

ಅತ್ತೆ ಸೆರಗಿನಿಂದ ರಕ್ತ ಒತ್ತಿಹಿಡಿದು ಕೇಳಿದರು: "ಸಾಯೋರ ಬಾಯಾಗ ಬಿಡಾಕ ಇಟ್ಟೀ ಏನೋ ಭಾಡ್ಯಾ, ಆ ನೀರು?"