ವಿಶ್ವಣ್ಣ ಆರಿಸಿದ ಟೈಮರ್

ಚಿಕ್ಕಮಗಳೂರಿನ ಸುತ್ತಮುತ್ತಲ ಎಸ್ಟೇಟುಗಳಲ್ಲಿ ಕಳೆ ಹೊಡೆಯುವ ಮಿಷನ್ ಕೈಕೊಟ್ಟರೆ, ಮರ ಕೊಯ್ಯುವ ಮಿಷನ್ ಸ್ಟಾರ್ಟ್ ಆಗದಿದ್ದರೆ, ಜನ ಹೊತ್ತುಕೊಂಡು ಬರುತ್ತಿದ್ದದ್ದು ವಿಶ್ವನಾಥನ ಅಂಗಡಿಗೆ. ಮೂವತ್ತು ವರ್ಷ ಆ ಮಿಷನ್‌ಗಳನ್ನು ಕಿವಿಯ ಪಕ್ಕದಲ್ಲೇ ಗುಡುಗಿಸಿ ರಿಪೇರಿ ಮಾಡಿದವನು ಅವನು. ಸ್ಪ್ಯಾನರ್ ಮುಟ್ಟುವ ಮೊದಲೇ, ಬರೀ ಸದ್ದು ಕೇಳಿ, ಕಾರ್ಬೊರೇಟರ್ ಕೆಟ್ಟಿದೆಯೋ ಪ್ಲಗ್ ಕೆಟ್ಟಿದೆಯೋ ಹೇಳಿಬಿಡುತ್ತಿದ್ದ. ಆ ಕಿವಿಯ ಮೇಲೆ ಅವನಿಗೆ ಬಹಳ ಹೆಮ್ಮೆ.

ಭಾನುವಾರ ಮಾತ್ರ ಅವನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮಲ್ಲಂದೂರಿನ ಕಡೆ ಹಳೆಯ ಕಲ್ಲುಕ್ವಾರಿಯೊಂದರಲ್ಲಿ ಒಂದು ಕೋವಿ ಕ್ಲಬ್ ಇತ್ತು. ಪ್ಲಾಂಟರುಗಳು, ಅವರ ಮಕ್ಕಳು, ಎಸ್ಟೇಟಿನ ನೌಕರರು, ಪೇಟೆಯ ನಾಲ್ಕಾರು ಅಂಗಡಿಯವರು ಅದರ ಸದಸ್ಯರು. ನಿಂತಲ್ಲೇ ನಿಂತು ಒಂದೇ ಗುರಿಗೆ ಹೊಡೆಯುವ ಆಟವಲ್ಲ ಅಲ್ಲಿಯದು. ಒಂದು ಗೆರೆಯಿಂದ ಇನ್ನೊಂದಕ್ಕೆ ಓಡಬೇಕು, ಹಲಗೆಯ ಮರೆಯಿಂದ ಇಣುಕಬೇಕು, ಜೋಡುನಳಿಗೆಯ ಕೋವಿಗೆ ಮತ್ತೆ ಮತ್ತೆ ತೋಟೆ ತುಂಬಿ ಆರು ಕಬ್ಬಿಣದ ತಟ್ಟೆಗಳನ್ನು ಉರುಳಿಸಬೇಕು. ಎಷ್ಟು ತಟ್ಟೆ ಬಿತ್ತು ಎನ್ನುವಷ್ಟೇ ಮುಖ್ಯ, ಎಷ್ಟು ಹೊತ್ತು ಹಿಡಿಯಿತು ಎನ್ನುವುದು.

ಆ ಹೊತ್ತು ಹಿಡಿಯುವವನು ವಿಶ್ವನಾಥ. ಸೀಟಿ ಊದಿ ಸ್ಟಾಪ್‌ವಾಚ್ ಒತ್ತುವುದು, ಕೊನೆಯ ಈಡು ಹಾರಿದಾಗ ಮತ್ತೆ ಒತ್ತುವುದು. ಇಪ್ಪತ್ತು ವರ್ಷ ಅವನು ಹೇಳಿದ್ದೇ ಅಂಕಿ. ದೊಡ್ಡ ಎಸ್ಟೇಟಿನ ಧಣಿಗಳೂ ಅವನ ಅಂಕಿಯ ಮೇಲೆ ಚಕಾರವೆತ್ತುತ್ತಿರಲಿಲ್ಲ. ಗರಗಸ ರಿಪೇರಿ ಮಾಡುವವನಿಗೆ ಅಂಥ ಮರ್ಯಾದೆ ಇನ್ನೆಲ್ಲಿ ಸಿಗಬೇಕು?

ಐವತ್ತೈದು ದಾಟುವ ಹೊತ್ತಿಗೆ ಸಣ್ಣ ಸಣ್ಣ ಸದ್ದುಗಳು ಅವನ ಲೋಕದಿಂದ ಒಂದೊಂದಾಗಿ ಜಾರಿಹೋದವು. ಎಂಜಿನ್ನಿನ ಗುಡುಗು, ಕೋವಿಯ ಈಡು, ಗಂಡಸರ ದನಿ ಚೆನ್ನಾಗಿಯೇ ಕೇಳುತ್ತಿದ್ದವು. ಕುಕ್ಕರ್ ಕೂಗಿದ್ದು ಕೇಳುತ್ತಿರಲಿಲ್ಲ. ಮೊಬೈಲು ಜೇಬಿನಲ್ಲಿ ಹಾಡಿ ಸುಮ್ಮನಾದರೂ ತಿಳಿಯುತ್ತಿರಲಿಲ್ಲ.

"ರೀ, ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸ್ಬಾರ್ದಾ?" ಎಂದು ಹೆಂಡತಿ ಭುವನಾ ಎಷ್ಟೋ ಸಲ ಹೇಳಿದಳು.

"ನಂಗೇನಾಗಿದೆ ಮಾರಾಯ್ತಿ? ನೀನೇ ಬಾಯೊಳಗೆ ಮಾತಾಡ್ತೀಯ," ಎನ್ನುತ್ತಿದ್ದ.

ಹೀಗಿರುವಾಗ ಕ್ಲಬ್ಬಿನ ಅಧ್ಯಕ್ಷ ಜಯದೇವಪ್ಪನವರು ಒಂದು ಭಾನುವಾರ ಅವನ ಹೆಗಲ ಮೇಲೆ ಕೈಯಿಟ್ಟರು. "ಸ್ಟಾಪ್‌ವಾಚ್ ಕಾಲ ಮುಗೀತು ವಿಶ್ವನಾಥ್. ಹೊರಗಡೆ ಪಂದ್ಯಕ್ಕೆ ಹೋಗೋರಿಗೆ ಬೀಪ್ ಕೇಳಿ ಕೋವಿ ಎತ್ತಿ ಅಭ್ಯಾಸ ಇರ್ಬೇಕು. ಶಾಟ್ ಟೈಮರ್ ಒಂದು ತಗೊಳ್ಳೋಣ. ಎರಡು ತರಿಸಿದೀನಿ, ನೋಡಿ ಒಂದನ್ನ ಇಟ್ಕೊಳ್ಳೋದು. ಯಾವ್ದು ಅಂತ ನೀನೇ ಆರಿಸು ಮಾರಾಯ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?"

ಶಾಟ್ ಟೈಮರ್ ಎಂದರೆ ಅಂಗೈಯಗಲದ ಪೆಟ್ಟಿಗೆ. ಗುಂಡಿ ಒತ್ತಿದರೆ ತಕ್ಷಣ ಏನೂ ಆಗುವುದಿಲ್ಲ. ಒಂದೋ ಎರಡೋ ಮೂರೋ ಸೆಕೆಂಡು, ತನಗೆ ಬೇಕಾದಷ್ಟು ಕಾಯಿಸಿ, ಬೀಪ್ ಅನ್ನುತ್ತದೆ. ಆ ಕ್ಷಣದಿಂದ ಅದರೊಳಗೆ ಗಡಿಯಾರ ಓಡುತ್ತದೆ. ಒಂದೊಂದು ಈಡಿನ ಸದ್ದನ್ನೂ ಹಿಡಿದು, ಬೀಪ್ ಆಗಿ ಎಷ್ಟು ಹೊತ್ತಿಗೆ ಬಂತು ಎಂದು ಪರದೆಯ ಮೇಲೆ ಬರೆಯುತ್ತದೆ. ಬೀಪ್‌ಗಿಂತ ಮುಂಚೆ ಆದ ಸದ್ದನ್ನು ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಎರಡರಲ್ಲಿ ಒಂದು ಬೂದು ಬಣ್ಣದ್ದು, ನೋಡಲು ಸಾದಾ. ಇನ್ನೊಂದು ಹಳದಿ, ದಪ್ಪ ಅಕ್ಷರದ್ದು. ಪರೀಕ್ಷೆಗೆ ಕೋವಿ ಹಿಡಿದವಳು ತನುಜಾ. ಸಂಸೆಯ ಕಡೆಯ ಹುಡುಗಿ, ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಳು. ಕ್ಲಬ್ಬಿಗೆ ಸೇರಿ ಎರಡೇ ವರ್ಷವಾಗಿದ್ದರೂ ಅವಳಷ್ಟು ಚುರುಕಾಗಿ ತೋಟೆ ತುಂಬುವವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ವಿಶ್ವನಾಥ ಅವಳ ಹಿಂದೆ ನಿಂತು ಬೂದು ಟೈಮರಿನ ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಅವಳು ಕೋವಿ ಎತ್ತಿ ಹೊಡೆದಳು. ಅವನಿಗೆ ಈಡು ಕೇಳಿತು. ಬೀಪ್ ಕೇಳಲಿಲ್ಲ.

"ಚೆನ್ನಾಗಿದೆ ವಿಶ್ವಣ್ಣ! ಕಿವಿ ಮುಚ್ಚೋ ಮಫ್ ಹಾಕ್ಕೊಂಡಿದ್ರೂ ಸ್ಪಷ್ಟ ಕೇಳುತ್ತೆ," ಎಂದಳು.

ಅವನು ತನ್ನ ಒಂದು ಕಿವಿಯ ಮಫ್ ಸರಿಸಿ ಮತ್ತೆ ಗುಂಡಿ ಒತ್ತಿದ. ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದ. ಏನೂ ಇಲ್ಲ. ಆದರೆ ದೂರದಲ್ಲಿ ನಿಂತಿದ್ದ ಇಬ್ಬರು ಇತ್ತ ತಿರುಗಿ ನೋಡಿದರು. ಅವರಿಗೆ ಕೇಳಿಸಿತ್ತು. ಕಿವಿ ಹೋಗಿದೆ ಎನ್ನುವುದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಇನ್ನು ಯಾರಿಗೂ ಗೊತ್ತಾಗಬಾರದು ಎಂಬ ನಿರ್ಧಾರವೂ ಅದೇ ಗಳಿಗೆಯಲ್ಲಿ ಆಯಿತು.

ಆಮೇಲೆ ತನುಜಾ ಹಳದಿಯದಕ್ಕೆ ಆರು ತಟ್ಟೆ ಹೊಡೆದಳು. ಅದರಲ್ಲಿ ಬೀಪ್ ಆಗುವಾಗ ಮೂಲೆಯಲ್ಲಿ ಕೆಂಪು ದೀಪವೊಂದು ಮಿನುಗುತ್ತಿತ್ತು. ಅದನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

"ಇದೇ ಇರ್ಲಿ," ಎಂದ ಎಲ್ಲರಿಗೂ ಕೇಳುವಂತೆ. "ಬೂದೀದು ಶಬ್ದ ಸಾಲ್ದು."

ತನುಜಾ ಹುಬ್ಬು ಗಂಟಿಕ್ಕಿದಳು. "ವಿಶ್ವಣ್ಣ, ನಾನು ಹೊಡೆದಿದ್ದು ಆರು ಈಡು. ಹಳದೀದು ಒಂಬತ್ತು ಅಂತ ತೋರಿಸ್ತಿದೆ. ಕ್ವಾರಿ ಗೋಡೆಯಿಂದ ವಾಪಸ್ ಬರೋ ಸದ್ದನ್ನೂ ಎಣಿಸ್ತಾ ಇದೆ. ಬೂದೀದ್ರಲ್ಲಿ ಎಷ್ಟು ಸದ್ದು ಹಿಡೀಬೇಕು ಅನ್ನೋದನ್ನ ಕಮ್ಮಿ ಜಾಸ್ತಿ ಮಾಡ್ಕೊಳ್ಬಹುದು, ಇದ್ರಲ್ಲಿ ಆಗಲ್ಲ."

ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ಅವನಿಗೆ ಗೊತ್ತಿತ್ತು. "ಮಿಷನ್ ವಿಷ್ಯ ನನಗೆ ಹೇಳ್ಕೊಡೋಕೆ ಬರ್ಬೇಡಮ್ಮ," ಎಂದ. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕು ಸುಮ್ಮನಾದಳು. ಬೂದು ಟೈಮರ್ ವಾಪಸ್ ಹೋಯಿತು.

ಎರಡು ತಿಂಗಳು ಕೆಂಪು ದೀಪದ ಮೇಲೆ ಕಣ್ಣಿಟ್ಟು ಅವನು ಹೇಗೋ ನಿಭಾಯಿಸಿದ. ಹೆಚ್ಚುವರಿ ಅಂಕಿಗಳನ್ನು ಅಂದಾಜಿನಲ್ಲಿ ಕಳೆದು ಹೇಳುತ್ತಿದ್ದ. ಕಾಫಿ ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಹೊರಜಿಲ್ಲೆಯ ಪಂದ್ಯಕ್ಕೆ ಕ್ಲಬ್ಬಿನಿಂದ ಒಬ್ಬರನ್ನು ಆರಿಸುವ ದಿನ ಬಂತು. ಕೊನೆಗೆ ಉಳಿದವರು ಇಬ್ಬರು: ಪ್ಲಾಂಟರ್ ಮನೆಯ ದರ್ಶನ್, ಮತ್ತೆ ತನುಜಾ. ದರ್ಶನ್ ತನ್ನ ಸರದಿ ಮುಗಿಸಿದ. ತನುಜಾ ಗೆರೆಗೆ ಬಂದು ನಿಲ್ಲುವ ಹೊತ್ತಿಗೆ ಬಿಸಿಲು ಕ್ವಾರಿಯ ನೆತ್ತಿ ದಾಟಿ ನೇರ ವಿಶ್ವನಾಥನ ಅಂಗೈಮೇಲೆ ಬಿದ್ದಿತ್ತು.

ಗುಂಡಿ ಒತ್ತಿದ. ದೀಪ ನೋಡುತ್ತ ನಿಂತ. ದೀಪ ಕಾಣುವ ಮೊದಲೇ ಅವಳ ಕೋವಿ ಮೇಲೆದ್ದು ಈಡಾಯಿತು.

"ನಿಲ್ಲು! ಬೀಪ್‌ಗೆ ಮುಂಚೆ ಹೊಡೆದೆ!"

"ಬೀಪ್ ಬಂತು ವಿಶ್ವಣ್ಣ."

"ಬಂದಿಲ್ಲ. ಇನ್ನೊಂದ್ಸಲ ಹೀಗೆ ಮಾಡಿದ್ರೆ ಸುತ್ತೇ ಸೊನ್ನೆ. ನಿಯಮ ಗೊತ್ತಲ್ಲ?"

ಅವಳು ಮತ್ತೆ ತುಂಬಿಸಿ ನಿಂತಳು. ಮತ್ತೆ ಅದೇ ಆಯಿತು. ದೀಪವಿಲ್ಲ, ಈಡು.

"ನಿಲ್ಲು!"

"ಬಂತಲ್ಲ!" ಅವಳ ದನಿ ಏರಿತು. "ಸರಿಯಾಗಿ ಕೇಳ್ತು ನಂಗೆ!"

"ಇಪ್ಪತ್ತು ವರ್ಷದಿಂದ ಟೈಮ್ ಹಿಡೀತಿದೀನಿ. ನನ್ನೆದುರು ಸುಳ್ಳು ಹೇಳ್ಬೇಡ," ಎಂದು ಅಷ್ಟು ಜನರ ಮುಂದೆ ಕೂಗಿಬಿಟ್ಟ.

ಕೂಗಿದ ಮೇಲೆ ಟೈಮರಿಗೆ ಅಂಗೈ ಮರೆಮಾಡಿ ನೋಡಿದ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಪಾಯಿಂಟ್ ಮೂರು ಎಂಟು ಎಂದಿತ್ತು. ಬೀಪ್ ಆಗದಿದ್ದರೆ ಅಲ್ಲಿ ಅಂಕಿಯೇ ಇರುತ್ತಿರಲಿಲ್ಲ. ಬೀಪ್ ಆಗಿತ್ತು. ಬಿಸಿಲಿಗೆ ದೀಪ ಅವನಿಗೆ ಕಂಡಿರಲಿಲ್ಲ, ಅಷ್ಟೇ. ಒಂದೂವರೆ ಸೆಕೆಂಡಿನೊಳಗೆ ಮೊದಲ ತಟ್ಟೆ. ಆ ದಿನ ಯಾರೂ ಅಷ್ಟು ಬೇಗ ಹೊಡೆದಿರಲಿಲ್ಲ.

ಬೀಪ್ ಕೇಳದಷ್ಟು ದೂರದಲ್ಲಿ, ಹಿಂದಿನ ಗೆರೆಯಾಚೆ ಎಲ್ಲರೊಂದಿಗೆ ನಿಂತಿದ್ದ ಜಯದೇವಪ್ಪನವರು ಮಫ್ ತೆಗೆಯುತ್ತ ಕೂಗಿ ಕೇಳಿದರು. "ಏನಾಯ್ತು ವಿಶ್ವನಾಥ್? ಟೈಮರ್ ಏನ್ ತೋರಿಸ್ತಿದೆ?"

ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಆದರೆ ಯಾಕೆ ತಪ್ಪಾಯಿತು ಎಂದು ಅವರು ಕೇಳುತ್ತಿದ್ದರು. ವಿಶ್ವನಾಥನ ಹೆಬ್ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಪರದೆ ಬರಿದಾಯಿತು.

"ಏನೂ ಇಲ್ಲ ಸರ್. ಮುಂಚೆನೇ ಹೊಡೆದ್ಲು."

ತನುಜಾ ವಾದ ಮಾಡಲಿಲ್ಲ. ಕೋವಿಯ ನಳಿಗೆ ಬಗ್ಗಿಸಿ ತೆರೆದು, ತೋಟೆ ತೆಗೆದು, ನಳಿಗೆ ಖಾಲಿ ಇದೆ ಎಂದು ನಿಯಮದಂತೆ ಅವನಿಗೇ ತೋರಿಸಿ ಮೇಜಿನ ಮೇಲಿಟ್ಟು ಹೋದಳು. ದರ್ಶನ್ ಆಯ್ಕೆಯಾದ. ಹೊರಡುವಾಗ ಒಬ್ಬಿಬ್ಬರು ಹಿರಿಯರು ವಿಶ್ವನಾಥನ ಬೆನ್ನು ತಟ್ಟಿದರು. "ನಿಮ್ಮಂಥ ಕಟ್ಟುನಿಟ್ಟಿನೋರು ಇರ್ಬೇಕು ವಿಶ್ವಣ್ಣ," ಎಂದರು. ಅವರ ಕೈ ಬಿದ್ದ ಜಾಗ ಮನೆ ತಲುಪುವವರೆಗೂ ಉರಿಯುತ್ತಿತ್ತು.

ಅವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ ಅಂಗಡಿಗೆ ಕ್ಲಬ್ಬಿನವರು ಯಾರು ಬಂದರೂ ಬಗ್ಗಿ ಮಿಷನ್ನಿನೊಳಗೆ ಮುಖ ಹುದುಗಿಸುತ್ತಿದ್ದ. ತನುಜಾ ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ರಜೆ ಹಾಕಿ ಊರಿಗೆ ಹೋಗಿದ್ದಾಳೆಂದು ಎಸ್ಟೇಟಿನ ಮೇಸ್ತ್ರಿ ಹೇಳಿದ.

ಒಂದು ಬೆಳಿಗ್ಗೆ ಅವನೇ ಭುವನಾಳಿಗೆ, "ನಡಿ, ಕಿವಿ ತೋರಿಸ್ಕೊಂಡು ಬರೋಣ," ಎಂದ. ಅವಳು ಯಾಕೆಂದು ಕೇಳದೆ ಸೀರೆ ಬದಲಾಯಿಸಿದಳು.

ಪರೀಕ್ಷೆಗೆ ಅವನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು. ಗಾಜಿನಾಚೆ ಕೂತ ಹುಡುಗಿ ಗುಂಡಿಗಳನ್ನು ತಿರುಗಿಸುತ್ತ ಹೋದಳು. ಬಹಳ ಹೊತ್ತು ಕೈ ಮಂಡಿಯ ಮೇಲೇ ಇತ್ತು. ಕಿಟಕಿಯಲ್ಲಿ ಭುವನಾಳ ಮುಖ ಕಾಣುತ್ತಿತ್ತು. ಅವಳೆದುರು ಹೀಗೆ ಕೂತಿರಲು ನಾಚಿಕೆಯಾಗಿ, ಹುಡುಗಿಯ ತೋಳು ಅಲುಗಿದ್ದನ್ನು ಕಂಡು ಅಂದಾಜಿನಲ್ಲಿ ಕೈ ಎತ್ತಿದ. ಹುಡುಗಿ ಬಾಗಿಲು ತೆರೆದು ಜೋರಾಗಿ, ಮರ್ಯಾದೆಯಿಂದಲೇ ಹೇಳಿದಳು: "ಸರ್, ನಾನಿನ್ನೂ ಸೌಂಡ್ ಕೊಟ್ಟೇ ಇಲ್ಲ. ಮುಂಚೆನೇ ಕೈ ಎತ್ಬೇಡಿ."

ವಿಶ್ವನಾಥ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವತ್ತು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಭುವನಾ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಆ ಹುಡುಗಿ ಮನೆಗೆ ಹೋಗಿ ಬನ್ನಿ," ಎಂದಳು.

ಕೊಟ್ಟಿಗೆಹಾರದ ಮೇಲೆ ಹೋಗುವ ಬಸ್ಸಿನಲ್ಲಿ ಕಳಸಕ್ಕೆ, ಅಲ್ಲಿಂದ ಜೀಪಿನಲ್ಲಿ ಸಂಸೆಗೆ. ಮನೆ ಹುಡುಕಿ ಅಂಗಳಕ್ಕೆ ಕಾಲಿಟ್ಟಾಗ ತನುಜಾಳ ಅಪ್ಪ ಕೃಷ್ಣಪ್ಪ ಓಡಿಬಂದು ಕುರ್ಚಿ ಹಾಕಿದರು. ಕಾಫಿ ತರಿಸಿದರು. ಅವನು ಬಾಯಿ ತೆರೆಯುವ ಮೊದಲೇ ಕೈಜೋಡಿಸಿದರು.

"ನಮ್ಮ ಹುಡುಗಿ ಅವಸರ ಮಾಡಿದ್ಲಂತೆ. ಹಿರಿಯರು ನೀವು, ನಿಮ್ಮೆದುರು ಜೋರು ಬೇರೆ ಮಾಡಿದ್ಲಂತೆ. ಬೈದಿದೀನಿ ಅವಳಿಗೆ. ಮನಸ್ಸಲ್ಲಿ ಇಟ್ಕೋಬೇಡಿ."

ವಿಶ್ವನಾಥ ಕಾಫಿ ಲೋಟವನ್ನು ಕೆಳಗಿಟ್ಟ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲಲ್ಲಿ ತನುಜಾ ನಿಂತಿದ್ದಳು.

"ತಪ್ಪು ಅವಳದ್ದಲ್ಲ," ಎಂದ. "ಬೀಪ್ ಆಗಿತ್ತು. ನನಗೆ ಕೇಳಿಸ್ಲಿಲ್ಲ. ನನಗೆ ಆ ಸದ್ದು ಕೇಳಿಸೋದೇ ಇಲ್ಲ. ಟೈಮರಲ್ಲಿ ಒಂದು ಪಾಯಿಂಟ್ ಮೂರು ಎಂಟು ಅಂತ ಬಂದಿತ್ತಮ್ಮ. ನೋಡಿದೆ. ನೋಡಿ ಅಳಿಸ್ದೆ."

ತನುಜಾ ಹೊಸ್ತಿಲು ದಾಟಿ ಅಂಗಳಕ್ಕಿಳಿದಳು.

"ನಿಮಗೆ ಕಿವಿ ಮಂದ ಅಂತ ಗೊತ್ತಿತ್ತು ವಿಶ್ವಣ್ಣ," ಎಂದಳು ತನುಜಾ. "ಅರ್ಧ ಕ್ಲಬ್ಬಿಗೆ ಗೊತ್ತು. ಅವತ್ತು ನಾನು ಜಗಳ ಆಡದೆ ಬಂದಿದ್ದು ಅದಕ್ಕೇ. ಪಾಪ ಕೇಳಿಸಿಲ್ಲ, ಎಲ್ಲರೆದುರು ಅದನ್ನ ಹೇಳಿ ಯಾಕೆ ಅವಮಾನ ಮಾಡ್ಲಿ ಅಂತ ಸುಮ್ಮನಾದೆ." ಅವನನ್ನೇ ನೇರ ನೋಡಿದಳು. "ಅಳಿಸಿದ್ದು ಗೊತ್ತಿರ್ಲಿಲ್ಲ."

ಕೃಷ್ಣಪ್ಪ ಕೈಜೋಡಿಸಿದ್ದವರು ಕೈ ಇಳಿಸಿದರು.

"ಕ್ಷಮಿಸಮ್ಮ."

"ನನ್ನೊಬ್ಬಳಿಗೆ ಹೇಳಿ ಏನ್ ಬಂತು? ಸುಳ್ಳು ಹೇಳ್ತೀಯ ಅಂದಿದ್ದು ಅಲ್ಲಿ. ಅಲ್ಲೇ ಹೇಳಿ," ಎಂದು ಒಳಗೆ ಹೋದಳು. ಕಾಫಿ ಹಾಗೇ ಆರಿತು. ಕುಡಿಯಿರಿ ಎಂದು ಕೃಷ್ಣಪ್ಪ ಹೇಳಲಿಲ್ಲ.

ಮುಂದಿನ ಭಾನುವಾರ, ಕೋವಿಗಳನ್ನು ಹೊರಗೆ ತೆಗೆಯುವ ಮೊದಲು, ವಿಶ್ವನಾಥ ಇಪ್ಪತ್ತೈದು ಜನರ ಮುಂದೆ ನಿಂತ. ಎಂದೂ ಭಾಷಣ ಮಾಡಿದವನಲ್ಲ. ಕಿವಿಯ ವಿಷಯ, ಬೂದು ಟೈಮರನ್ನು ಯಾಕೆ ಬೇಡವೆಂದ ಎನ್ನುವುದು, ಅಳಿಸಿದ ಅಂಕಿ, ಎಲ್ಲ ಹೇಳಿದ. ಯಾರೋ ಕೆಮ್ಮಿದರು. ಬೆನ್ನು ತಟ್ಟಿದ್ದ ಹಿರಿಯರು ನೆಲ ನೋಡಿದರು.

ಜಯದೇವಪ್ಪನವರು ಅವನನ್ನು ಪಕ್ಕಕ್ಕೆ ಕರೆದು, "ಈಗ್ಯಾಕೆ ಮಾರಾಯ ಇದೆಲ್ಲ? ಹೆಸರು ಕಳಿಸಿ ಆಗಿದೆ, ಬದಲಾಯಿಸೋಕೆ ಬರಲ್ಲ," ಎಂದರು. ನಿಜಕ್ಕೂ ಬದಲಾಗಲಿಲ್ಲ. ಪಂದ್ಯಕ್ಕೆ ದರ್ಶನನೇ ಹೋದ. ಹೋಗುವ ಮುನ್ನ ಒಮ್ಮೆ ವಿಶ್ವನಾಥನ ಹತ್ತಿರ ಬಂದು, "ನಂಗೂ ಮುಜುಗರ ಮಾಡಿಟ್ರಿ," ಎಂದು ಹೇಳಿ ಹೋದ.

ಕ್ಲಬ್ಬಿನವರು ಬೂದು ಟೈಮರನ್ನೇ ತರಿಸಿದರು. ಹೊತ್ತು ಹಿಡಿಯುವ ಕೆಲಸ ಹಾಲೇಶ್ ಎಂಬ ಇನ್ನೊಬ್ಬ ಸದಸ್ಯನಿಗೆ ಹೋಯಿತು. ವಿಶ್ವನಾಥ ಕಿವಿಗೆ ಯಂತ್ರ ಹಾಕಿಸಿಕೊಂಡ ಮೇಲೆ ಜಯದೇವಪ್ಪನವರು ಮತ್ತೆ ಮಾಡು ಎಂದರೂ ಅವನು ಒಪ್ಪಲಿಲ್ಲ. ತಟ್ಟೆಗಳಿಗೆ ಬಣ್ಣ ಬಳಿಯುವುದು, ಬಿದ್ದವನ್ನು ಎತ್ತಿ ನಿಲ್ಲಿಸುವುದು, ಖಾಲಿ ತೋಟೆ ಹೆಕ್ಕುವುದು, ಇಷ್ಟನ್ನು ತಾನಾಗಿ ವಹಿಸಿಕೊಂಡ.

ತನುಜಾ ಮಳೆಗಾಲ ಮುಗಿದ ಮೇಲೆ ಕ್ಲಬ್ಬಿಗೆ ವಾಪಸಾದಳು. ಎದುರು ಸಿಕ್ಕಿದರೆ ನಮಸ್ಕಾರ ಎನ್ನುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಈ ವರ್ಷದ ಪಂದ್ಯಕ್ಕೆ ಅವಳೇ ಹೋದಳು, ನಾಲ್ಕನೆಯವಳಾಗಿ ಬಂದಳು. ಪತ್ರಿಕೆಯಲ್ಲಿ ಬಂದ ಸಣ್ಣ ಸುದ್ದಿಯನ್ನು ಯಾರೋ ಕತ್ತರಿಸಿ ಕ್ಲಬ್ಬಿನ ಗೋಡೆಗೆ ಅಂಟಿಸಿದರು. ಎಲ್ಲರೂ ಗುಂಪಾಗಿ ನಿಂತು ಓದುವಾಗ ವಿಶ್ವನಾಥ ಬಣ್ಣದ ಡಬ್ಬಿ ಹಿಡಿದು ತಟ್ಟೆಗಳ ಕಡೆ ನಡೆದುಬಿಟ್ಟ. ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ, ಕೈ ಒರೆಸಿಕೊಂಡು ಹತ್ತಿರ ಹೋಗಿ, ಎರಡು ಸಲ ಓದಿದ.