ಸುದ್ದಿ ಅಳೆಯುತ್ತಿದ್ದ ದುರುಗಪ್ಪ

ಸೋಮವಾರ, ಬೆಳಿಗ್ಗೆ ಏಳು ಗಂಟೆ, ಕೂಡ್ಲಿಗಿ. ಹಾಜರಿದ್ದವರು: ನಾನು, ಟೈಲರ್ ದುರುಗಪ್ಪನ ಹೆಂಡತಿ ಹುಲಿಗೆಮ್ಮ, ದುರುಗಪ್ಪನ ಹೊಲಿಗೆ ಯಂತ್ರ. ಗೈರುಹಾಜರು: ದುರುಗಪ್ಪ. ಅವನು ತೀರಿಕೊಂಡ ಮೇಲೆ ಅಂಗಡಿಯ ಶಟರ್ ಎತ್ತಿದ್ದು ಇಂದೇ ಮೊದಲು. ಡ್ರಿಲ್ ಮೇಷ್ಟ್ರಾಗಿ ಜೀವಮಾನವೆಲ್ಲ ಹಾಜರಿ ಕೂಗಿದವನು ನಾನು. ಹೀಗೆ ಶುರುಮಾಡದಿದ್ದರೆ ನನ್ನ ಮಾತುಗಳು ಸಾಲಿಗೆ ನಿಲ್ಲುವುದಿಲ್ಲ.

ದುರುಗಪ್ಪ ದಿನಪತ್ರಿಕೆಯನ್ನು ಮೊದಲು ಅಳೆಯುತ್ತಿದ್ದ, ಆಮೇಲೆ ಓದುತ್ತಿದ್ದ. ಬೆಳಗಿನ ನಡಿಗೆ ಮುಗಿಸಿ ನಾನು ಅಂಗಡಿಗೆ ಬರುವಷ್ಟರಲ್ಲಿ ಪೇಪರು ಕತ್ತರಿಸುವ ಮೇಜಿನ ಮೇಲೆ ಹರಡಿರುತ್ತಿತ್ತು. ಕೊರಳಲ್ಲಿದ್ದ ಟೇಪನ್ನು ಎಳೆದು ಸಾವಿನ ಸುದ್ದಿಗಳ ಉದ್ದಗಲ ಹಿಡಿಯುತ್ತಿದ್ದ.

"ನೋಡ್ರಿ ಮೇಷ್ಟ್ರ, ಸಾಹುಕಾರ್ರ ಅಜ್ಜಿ ತೊಂಬತ್ತು ದಾಟಿ ನಿದ್ದ್ಯಾಗ ಹೋಗ್ಯಾರ. ಪೂರ್ತಿ ತೋಳಿನ ಅಂಗಿ ಹೊಲಿಯಷ್ಟು ಜಾಗ ಐತಿ. ಇಲ್ಲಿ ಮಲದ ಗುಂಡಿಯಾಗ ಇಳಿದು ಉಸಿರುಕಟ್ಟಿ ಸತ್ತ ಇಬ್ರು ಅದಾರ, ಇವ್ರದು ಬರೇ ಕಾಜ."

ಕಾಜ ಎಂದರೆ ಅಂಗಿಯ ಗುಂಡಿ ತೂರುವ ರಂಧ್ರ. ಸಾವಿನ ಸುದ್ದಿಗೆ ಅವನಲ್ಲಿ ಮೂರು ಅಳತೆಗಳಿದ್ದವು: ಪೂರ್ತಿ ತೋಳು, ಅರ್ಧ ತೋಳು, ಕಾಜ. ಸತ್ತವರು ಯಾವ ಓಣಿಯವರೆಂದು ನಾನು ಹೇಳಿದರೆ ಸಾಕು, ಪೇಪರು ನೋಡದೆಯೇ ಅಳತೆ ಹೇಳುತ್ತಿದ್ದ. ತಪ್ಪುತ್ತಲೂ ಇದ್ದ, ಒಮ್ಮೊಮ್ಮೆ ಕಾಜ ಎಂದದ್ದು ಅಷ್ಟೂ ಇರುತ್ತಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಅವನನ್ನು ವೈರಾಗ್ಯದ ಮನುಷ್ಯ ಎಂದುಕೊಳ್ಳಬಾರದು. ಮೀಸೆಗೆ ತಪ್ಪದೆ ಬಣ್ಣ ಹಚ್ಚುತ್ತಿದ್ದ. ತನ್ನ ಫೋಟೋ ಪೇಪರಿನಲ್ಲಿ ಬರಬೇಕೆಂಬ ಆಸೆ ಅವನಿಗೆ ವಿಪರೀತ. ಊರಿಗೆ ಯಾವ ಪುಢಾರಿ ಬಂದರೂ ಇಸ್ತ್ರಿ ಅಂಗಿ ತೊಟ್ಟು ಅವರ ಹಿಂದೆ ನಿಲ್ಲುತ್ತಿದ್ದ. ಫಲವಾಗಿ ಅವನ ಒಂದು ಕಿವಿ, ಮತ್ತೊಮ್ಮೆ ಒಂದು ಭುಜ ಪ್ರಕಟವಾಗಿದ್ದವು. ಆ ಕಿವಿಯನ್ನು ಅವನು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. "ಇದು ನನ್ನ ಕಿವಿ. ಹಿಂಗ ಒಂದೊಂದ ಭಾಗ ಬರ್ತಾ ಬರ್ತಾ ಪೂರ್ತಿ ಮನಷ್ಯಾ ಬರ್ತೀನಿ" ಎನ್ನುತ್ತಿದ್ದ. ಯಂತ್ರದ ಮೇಲಿನ ಗೋಡೆಯಲ್ಲಿ ಬುದ್ಧನ ಪಟವಿತ್ತು, ಅದರ ಪಕ್ಕದಲ್ಲಿ ಈ ಕಿವಿ.

ಯುಗಾದಿ ಹತ್ತಿರ ಬಂದಿದ್ದಾಗ, ಕಾನಹೊಸಹಳ್ಳಿಯ ಆಚೆ ಹೆದ್ದಾರಿಯಲ್ಲಿ ಕಾರು ಉರುಳಿ ನಮ್ಮೂರ ವ್ಯಾಪಾರಸ್ಥರ ಮನೆಯ ಇಬ್ಬರು ಕಾಲೇಜು ಹುಡುಗರು ಸತ್ತರು. ಊರು ಅತ್ತಿತು, ಅಳಬೇಕಾದದ್ದೇ. ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ನಿಂತಿತು. ಪೇಪರಿನಲ್ಲಿ ಪೂರ್ತಿ ತೋಳಿನ ಸುದ್ದಿ, ಅದೂ ಸತತವಾಗಿ. ಮೆರವಣಿಗೆಗೆ ಕಪ್ಪು ಪಟ್ಟಿ ಹೊಲಿಯುವ ಕೆಲಸ ದುರುಗಪ್ಪನಿಗೆ ಬಂತು. ಹೊಲಿಯುತ್ತಲೇ ಅವನು ಮೂಗು ಒರೆಸಿಕೊಳ್ಳುತ್ತಿದ್ದ. "ಇವ್ರ ಮೊದಲ್ನೇ ಯೂನಿಫಾರಂ ಚಡ್ಡಿ ನಾನ ಹೊಲ್ದಿದ್ದು ಮೇಷ್ಟ್ರ. ಉಚ್ಚಿ ಹೊಯ್ಕೊಂಡು ಓಡ್ಯಾಡ್ತಿದ್ವು." ಮೌನಾಚರಣೆಗೆ ಸೀಟಿ ಊದುವ ಜವಾಬ್ದಾರಿ ನನಗೆ. ಪೊಲೀಸರು ಬಸ್ಸುಗಳನ್ನು ತಡೆದರು. ನನ್ನ ಸೀಟಿಗೆ ಸರ್ಕಲ್ಲೇ ಸ್ತಬ್ಧವಾಯಿತು.

ಅದಾದ ಮೂರನೆಯ ದಿನ, ಕೊಟ್ಟೂರಿನ ಕಡೆ ಉಳ್ಳಾಗಡ್ಡಿ ಕೀಳಲು ಹೋಗಿದ್ದ ಹೆಂಗಸರು ಅದೇ ಉಳ್ಳಾಗಡ್ಡಿ ಚೀಲಗಳ ಮೇಲೆ ಕುಳಿತು ಮರಳುವಾಗ ಗೂಡ್ಸ್ ಗಾಡಿ ಪಲ್ಟಿಯಾಯಿತು. ದುರುಗಪ್ಪನ ಕೇರಿಯ ನಾಲ್ವರು ಸತ್ತರು: ಓಬಳಮ್ಮ, ಕೆಂಚಮ್ಮ, ನಾಗಮ್ಮ, ಮಾರೆಮ್ಮ. ಮಾರೆಮ್ಮ ಅವನ ಒಡಹುಟ್ಟಿದ ತಂಗಿ.

ಮಣ್ಣು ಮುಗಿಸಿ ಬಂದ ಮರುದಿನ ಅವನು ಪೇಪರು ಹರಡಿ ಕುಳಿತಿದ್ದ. ಟೇಪು ಕೊರಳಲ್ಲೇ ಇತ್ತು, ಎಳೆದಿರಲಿಲ್ಲ. ನಾನು ಬಗ್ಗಿ ಓದಿದೆ. ರಸ್ತೆ ತುಂಬ ಉಳ್ಳಾಗಡ್ಡಿ ಚೆಲ್ಲಿ ಸಂಚಾರ ಅಸ್ತವ್ಯಸ್ತವಾದದ್ದೇ ತಲೆಬರಹ. ಗಾಡಿಯ ಮಾಲೀಕರ ಹೆಸರಿತ್ತು, ಬೆಳೆ ಕಳೆದುಕೊಂಡವರ ಹೆಸರಿತ್ತು. ಕೊನೆಯ ಸಾಲಿನಲ್ಲಿ ‘ನಾಲ್ವರು ಕೂಲಿ ಮಹಿಳೆಯರು’ ಇದ್ದರು.

"ಉಳ್ಳಾಗಡ್ಡಿಗೆ ಅರ್ಧ ತೋಳು ಸಿಕ್ಕೈತಿ" ಎಂದ ದುರುಗಪ್ಪ. "ನಮ್ಮ ಮಾರಿಗೆ ಹೆಸ್ರೂ ಇಲ್ಲ."

ಸುದ್ದಿ ಕಳಿಸುವ ವೀರೇಶ ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಅಂಗಡಿಗೇ ಕರೆಸಿದೆ. ಬಂದವನು ನನ್ನೆದುರು ನೆಟ್ಟಗೆ ನಿಂತ.

"ನಾಕೂ ಹೆಸ್ರು ಕಳಿಸಿದ್ದೆ ಸರ್, ದೇವರಾಣಿ. ಅಲ್ಲಿ ಜಾಗ ಇರ್ಲಿಲ್ಲಂತ. ಛಲೋ ಫೋಟೋನೂ ಇಲ್ಲ. ಆಧಾರ್ ಕಾರ್ಡಿನ ಫೋಟೋ ಹಾಕಿದ್ರ ಗುರ್ತು ಹತ್ತಲ್ಲ ಅಂದ್ರು."

"ಗುರ್ತು ಹತ್ತಬೇಕಾಗಿದ್ದು ಯಾರಿಗಪ್ಪಾ?" ಎಂದ ದುರುಗಪ್ಪ. "ನಮಗ ಗುರ್ತು ಐತಿ."

"ದುರುಗಣ್ಣ, ಓದೋರಿಗೆ ಏನರ ಹೊಸಾದು ಇರಬೇಕಲ್ಲ. ಕೂಲಿಯವ್ರ ಗಾಡಿ ಬೀಳೋದು ಹೊಸಾದಲ್ಲ."

"ಹುಡುಗ್ರ ಕಾರೂ ಹೊಸಾದಲ್ಲ. ಅವ್ರಿಗೆ ಕಡಿಮಿ ಮಾಡು ಅನ್ನಂಗಿಲ್ಲ ನಾನು. ಟೇಪು ಎಲ್ರಿಗೂ ಒಂದ ಇರ್ಲಿ ಅಂತೀನಿ."

ವೀರೇಶ ಚಹಾ ಕುಡಿಯದೆ ಹೋದ. ದುರುಗಪ್ಪ ಎದ್ದು ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ಬಟ್ಟೆಗಳನ್ನು ಕೆದಕತೊಡಗಿದ. ಯುಗಾದಿಗೆಂದು ಕೇರಿಯ ಹೆಂಗಸರೆಲ್ಲ ರವಿಕೆ ಹೊಲಿಯಲು ಕೊಟ್ಟಿದ್ದರು. ನಮ್ಮ ಕಡೆ ಅದಕ್ಕೆ ಜಂಪರ್ ಎನ್ನುತ್ತಾರೆ. ಹೊಲಿದಾದ ಮೇಲೆ ಹೆಸರಿನ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿಡುವುದು ಅವನ ಪದ್ಧತಿ. ಸತ್ತ ನಾಲ್ವರ ಜಂಪರುಗಳೂ ತಯಾರಾಗಿದ್ದವು. ಒಯ್ಯುವವರಿರಲಿಲ್ಲ.

ಅಂದು ಸಂಜೆ ಹುಡುಗರ ಫ್ಲೆಕ್ಸಿನ ಪಕ್ಕದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ನಾಲ್ಕು ಜಂಪರುಗಳನ್ನು ಸಾಲಾಗಿ ತೂಗುಹಾಕಿದ. ಚೀಟಿಯ ಮೇಲೆ ದಪ್ಪಕ್ಷರದ ಹೆಸರುಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಕೇರಿಯ ಜನ ಬಂದು ನಿಂತರು. ಹೆಸರು ಓದಿದ ಹೂವಿನವಳೊಬ್ಬಳು ಬುಟ್ಟಿ ಇಳಿಸಿ ಅವರ ಜೊತೆ ನಿಂತಳು.

"ಮೇಷ್ಟ್ರ, ನಮ್ಮವ್ರಿಗೂ ಒಂದು ಸೀಟಿ ಊದ್ರಿ" ಎಂದ ದುರುಗಪ್ಪ.

ಎದೆ ಸೆಟೆಸಿ ಊದಿದೆ. ಜನ ತಲೆ ತಗ್ಗಿಸಿದರು. ಸೀಟಿ ಕೇಳಿದ್ದೇ ತಡ, ಹಗರಿಬೊಮ್ಮನಹಳ್ಳಿಯ ಬಸ್ಸಿನ ಡ್ರೈವರ್ ಕಂಡಕ್ಟರನೇ ಊದಿದನೆಂದು ತಿಳಿದು ಗಾಡಿ ಬಿಟ್ಟ. ಕೆಳಗೆ ಎಲೆಯಡಿಕೆ ಕೊಳ್ಳುತ್ತಿದ್ದ ಕಂಡಕ್ಟರ್, "ಏ ನಿಲ್ಲಸಲೇ, ನಾ ಇಲ್ಲೇ ಅದೀನಿ!" ಎಂದು ಕೂಗುತ್ತ ಬಸ್ಸಿನ ಹಿಂದೆ ಓಡಿದ. ನಮ್ಮ ಮೌನ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದುರುಗಪ್ಪ ತಲೆ ಎತ್ತಲಿಲ್ಲ, ಹಾಗಾಗಿ ಯಾರೂ ಎತ್ತಲಿಲ್ಲ. ಗಡಿಯಾರ ನೋಡಿ ಎರಡನೆಯ ಸೀಟಿ ಊದಿದೆ. ಆಗ ಯಾವ ಬಸ್ಸೂ ಹೊರಡಲಿಲ್ಲ.

ವೀರೇಶ ಬಂದು ಫೋಟೋ ಹಿಡಿದುಕೊಂಡ. ಮರುದಿನ ಪೇಪರಿನಲ್ಲಿ ಪೂರ್ತಿ ದುರುಗಪ್ಪ ಬಂದಿದ್ದ! ಮೀಸೆ, ಎರಡೂ ಕಿವಿ, ಕೊರಳಲ್ಲಿ ಟೇಪು. ತಲೆಬರಹ ‘ಟೈಲರ್‌ನ ವಿನೂತನ ಪ್ರತಿಭಟನೆ’. ಹಿಂದಿನ ಜಂಪರುಗಳು ಬಣ್ಣದ ಮಬ್ಬಾಗಿ ಕಾಣುತ್ತಿದ್ದವು, ಚೀಟಿಗಳು ಕಾಣುತ್ತಿರಲಿಲ್ಲ. ಸುದ್ದಿಯಲ್ಲಿ ದುರುಗಪ್ಪನ ವಯಸ್ಸು, ಅನುಭವ, ಅವನು ಹೊಲಿಯುವ ಸಫಾರಿಯ ಅಂದ ಎಲ್ಲವೂ ಇದ್ದವು. ಹೆಂಗಸರು ಮಾತ್ರ ಮತ್ತೆ ‘ನಾಲ್ವರು’.

ಊರೆಲ್ಲ ಅಭಿನಂದಿಸಿತು. ಹರಪನಹಳ್ಳಿಯಿಂದ ಯಾರೋ ಫೋನು ಮಾಡಿ ಸನ್ಮಾನಕ್ಕೆ ಕರೆದರು. "ತಂಗಿ ಸತ್ತದ್ದಕ್ಕ ಶಾಲು ಹೊದಿಸ್ತಾರಂತ ಮೇಷ್ಟ್ರ" ಎಂದು ನಕ್ಕ. ಆಮೇಲೆ ಪೇಪರನ್ನು ಮೇಜಿನ ಮೇಲೆ ಹರಡಿ, ತನ್ನ ಮುಖದ ಮೇಲೆಯೇ ಸೀಮೆಸುಣ್ಣದಿಂದ ಗೆರೆ ಎಳೆದು, ಯಾರದೋ ತೋಳಿನ ಮಾದರಿ ಕತ್ತರಿಸಿದ. ಗೋಡೆಯ ಮೇಲಿದ್ದ ಕಿವಿಯೂ ಅಂದೇ ಇಳಿಯಿತು. ಮೂರು ಜಂಪರುಗಳನ್ನು ಆಯಾ ಮನೆಗೆ ಮುಟ್ಟಿಸಿದ. ಮಾರೆಮ್ಮನದು ಮಾತ್ರ ಮೊಳೆಯಲ್ಲೇ ಉಳಿಯಿತು. ಅಳೆಯುವುದನ್ನು ಅವನು ಬಿಡಲಿಲ್ಲ. ಫೋಟೋಗೆ ನಿಲ್ಲುವುದನ್ನು ಬಿಟ್ಟ.

ಕಳೆದ ತಿಂಗಳು ಯಂತ್ರದ ಮೇಲೆಯೇ ತಲೆಯಿಟ್ಟು ಹೋದ. ಹೃದಯಾಘಾತ ಎಂದರು.

ಇಂದು ಹತ್ತು ಗಂಟೆಗೆ ವೀರೇಶ ಬಂದ. ಅವನು ಸುದ್ದಿಯನ್ನೂ ಕಳಿಸುತ್ತಾನೆ, ಶ್ರದ್ಧಾಂಜಲಿ ಜಾಹೀರಾತನ್ನೂ ಹಿಡಿಯುತ್ತಾನೆ. ಸುದ್ದಿಗೆ ಇರದ ಜಾಗ ಜಾಹೀರಾತಿಗೆ ಯಾವಾಗಲೂ ಇರುತ್ತದೆ. ದುರುಗಪ್ಪನ ಒಳ್ಳೆಯ ಫೋಟೋ ಕೇಳಿದ.

"ಫೋಟೋ ಬ್ಯಾಡಪ್ಪ, ಅವ್ನು ಒಂದ್ಸಲ ಬಂದಾನಲ್ಲ" ಎಂದಳು ಹುಲಿಗೆಮ್ಮ. "ಆ ಜಾಗದಾಗ ನಾಕು ಹೆಸ್ರು ಹಾಕು."

"ಸತ್ತೋರ ಹೆಸ್ರು ಹಾಕಾಕ ಒಬ್ಬೊಬ್ರದೂ ಮರಣ ಪ್ರಮಾಣಪತ್ರ ಬೇಕು ಅಕ್ಕ. ಅದಿಲ್ದ ಆಫೀಸಿನ್ಯಾಗ ತಗೊಳ್ಳಲ್ಲ."

"ಕೆಳಗೆ ದುಃಖತಪ್ತರು ಅಂತ ಹಾಕುತ್ತೀರಲ್ಲ, ಅವರಿಗೆ?" ಎಂದು ಕೇಳಿದೆ.

"ಅದಕ್ಕೇನೂ ಬ್ಯಾಡ್ರಿ ಸರ್. ಅದನ್ನ ಯಾರೂ ಕೇಳಲ್ಲ."

ಹುಲಿಗೆಮ್ಮ ಮೊಳೆಯಲ್ಲಿದ್ದ ಜಂಪರಿನ ಕಡೆ ನೋಡಿದಳು. "ಹಂಗಾದ್ರ ಅಲ್ಲೇ ಹಾಕು. ಆ ನಾಕೂ ಮಂದಿ ಇದ್ದಿದ್ರ ಇವ್ನಿಗೆ ಅತ್ತೇ ಅಳ್ತಿದ್ರು."

ಮಧ್ಯಾಹ್ನ ಅಂಗಡಿ ಗುಡಿಸಿ, ಹೊಲಿದಿಟ್ಟ ಬಟ್ಟೆಗಳನ್ನು ಗಿರಾಕಿಗಳಿಗೆ ಕೊಟ್ಟೆವು. ಸಂಜೆ ಐದಕ್ಕೆ ವೀರೇಶ ಅಚ್ಚಿನ ಮಾದರಿಯ ಹಾಳೆ ತಂದ. ಮೇಲೆ ದುರುಗಪ್ಪನ ಹೆಸರು. ಕೆಳಗೆ ದುಃಖತಪ್ತರು: ಹುಲಿಗೆಮ್ಮ, ಓಬಳಮ್ಮ, ಕೆಂಚಮ್ಮ, ನಾಗಮ್ಮ, ಮಾರೆಮ್ಮ. ಹುಲಿಗೆಮ್ಮ ಗಂಡನ ಟೇಪನ್ನು ಅದರ ಮೇಲಿಟ್ಟು ನೋಡಿದಳು.

"ಅರ್ಧ ತೋಳಿಗೂ ಬರಲ್ಲ. ಕಾಜಕ್ಕಿಂತ ದೊಡ್ದೈತಿ, ಇರ್ಲಿ" ಎಂದಳು.

ನಾನು ಕಾಗುಣಿತ ನೋಡಿ, ಸರಿಯಿದೆ ಎಂದು ಸಹಿ ಹಾಕಿ ಹಾಳೆಯನ್ನು ವೀರೇಶನ ಕೈಗೆ ಕೊಟ್ಟೆ. ಯಂತ್ರಕ್ಕೆ ಬಟ್ಟೆ ಹೊದಿಸಿ ಶಟರ್ ಇಳಿಸಿದೆ.